ಮನೆಗೆ ಎಂಥ ಕ್ಯಾಮರಾ ತರಬೇಕು?



ಯಲಬುರ್ಗಾ ಪಟ್ಟಣದ ತುಂಬು ಮನೆತನವೊಂದರ ಹಿರಿಯ ತಾಯಿಯವರು ಕಳೆದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಎಂಬತ್ತು ದಾಟಿದ ಜೀವ. ಬೆಳಗಿನ ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ, ಮನೆಗೆ ಬಂದ ಜಂಗಮರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಶಿವಗಣಾರಾಧನೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ವೇಳೆಗೆ ಭಾವಚಿತ್ರವೊಂದು ಬೇಕಾಯಿತು. ಮನೆಯಲ್ಲಿ ಆರು ಮೊಬೈಲುಗಳಿದ್ದವು, ಅವುಗಳಲ್ಲಿ ಸಾವಿರಗಟ್ಟಲೆ ಚಿತ್ರಗಳಿದ್ದವು. ಮೊಮ್ಮಕ್ಕಳ ಹುಟ್ಟುಹಬ್ಬ, ಹೊಸ ಸೀರೆ, ಹೋಳಿಗೆಯ ತಟ್ಟೆ, ಹೊಲದಲ್ಲಿ ನಿಂತ ಟ್ರ್ಯಾಕ್ಟರು ಎಲ್ಲವೂ ಇದ್ದವು. ಆದರೆ ಆ ತಾಯಿಯೊಬ್ಬರೇ ಕುಳಿತಿರುವ ಚಿತ್ರ ಒಂದೂ ಸಿಗಲಿಲ್ಲ. ಕೊನೆಗೆ ಮದುವೆಯೊಂದರ ಗುಂಪುಚಿತ್ರದ ಮೂರನೆಯ ಸಾಲಿನಲ್ಲಿ ಅವರ ಮುಖ ದೊರೆಯಿತು. ಅದೂ ಬೀಗರಿಂದ ವಾಟ್ಸಾಪಿನ ಮೂಲಕ ಬಂದದ್ದು. ಸ್ಟುಡಿಯೋದವರು ಅದನ್ನೇ ಕತ್ತರಿಸಿ, ಹಿಗ್ಗಿಸಿ, 12 ಅಂಗುಲಕ್ಕೆ 15 ಅಂಗುಲದ ಚೌಕಟ್ಟು ಹಾಕಿಕೊಟ್ಟರು. ಹಾರ ಹಾಕಿದ ಆ ಚಿತ್ರದಲ್ಲಿ ಕಣ್ಣು ಎಲ್ಲಿ, ಹಣೆಯ ವಿಭೂತಿ ಎಲ್ಲಿ ಎಂದು ಗುರುತಿಸುವಂತಿರಲಿಲ್ಲ. ಹಸಿ ಮಣ್ಣಿನ ಮುಖದ ಮೇಲೆ ಯಾರೋ ಕೈಯಾಡಿಸಿದಂತಿತ್ತು.

ಪ್ರಸಾದ ಮುಗಿದ ಮೇಲೆ ಆ ಮನೆಯ ಹಿರಿಯ ಮಗ ನಮ್ಮ ಬಳಿ ಬಂದು ಕುಳಿತು, "ಅವ್ವನ್ನ ಕಳಕೊಂಡಿದ್ದಲ್ದ ಅವ್ವನ ಮಾರಿನೂ ಕಳಕೊಂಡಂಗ ಆತ್ರಿ. ಅಪ್ಪ ಇನ್ನೂ ಅದಾರ. ಒಂದು ಚಲೋ ಕ್ಯಾಮರಾ ತರಬೇಕು ಅನ್ನಾಕತ್ತೀನಿ. ಯಾವುದು ತರಬೇಕು ಹೇಳ್ರಿ" ಎಂದರು. ಅಂದು ನಾವು ಏನನ್ನೂ ಹೇಳಲಿಲ್ಲ. ಈ ತಿಂಗಳ ಅಂಕಣವನ್ನು ಅವರ ಪ್ರಶ್ನೆಗೇ ಮೀಸಲಿಡುತ್ತಿದ್ದೇವೆ, ಏಕೆಂದರೆ ಇಂಥ ಪ್ರಶ್ನೆ ಇಂದು ಅನೇಕ ಮನೆಗಳದ್ದಾಗಿದೆ.

ಮೊದಲಿಗೆ, ಆ ಚಿತ್ರ ಕೆಟ್ಟದ್ದೇಕೆಂಬುದನ್ನು ತಿಳಿದುಕೊಳ್ಳೋಣ. ಡಿಜಿಟಲ್ ಚಿತ್ರವೆಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳ ರಾಶಿ. ಈ ಚುಕ್ಕಿಗೇ ಪಿಕ್ಸೆಲ್ ಎಂದು ಹೆಸರು. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಕಾಗದದ ಮೇಲೆ ಮುದ್ರಿಸುವಾಗ ಒಂದು ಅಂಗುಲದ ಉದ್ದಕ್ಕೆ 300 ಚುಕ್ಕಿಗಳು ಬಿದ್ದರೆ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಗೋಡೆಯ ಮೇಲೆ ತೂಗುಹಾಕಿ ದೂರದಿಂದ ನೋಡುವುದಕ್ಕೆ 150 ಇದ್ದರೂ ನಡೆದೀತು. ವಾಟ್ಸಾಪು ಸಾಮಾನ್ಯ ರೀತಿಯಲ್ಲಿ ಚಿತ್ರವನ್ನು ಕಳಿಸುವಾಗ ಅದರ ಉದ್ದದ ಬದಿಯನ್ನು ಸುಮಾರು 1600 ಚುಕ್ಕಿಗಳಿಗೆ ಇಳಿಸಿಬಿಡುತ್ತದೆ. ಅಂಥ ಗುಂಪುಚಿತ್ರದಲ್ಲಿ ಒಬ್ಬರ ತಲೆ ಮತ್ತು ಭುಜದ ಭಾಗ 300 ಚುಕ್ಕಿ ಅಗಲ, 375 ಚುಕ್ಕಿ ಉದ್ದ ಇದ್ದೀತು. ಅದನ್ನು 12ಕ್ಕೆ 15 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ದಕ್ಕುವುದು ಕೇವಲ 25 ಚುಕ್ಕಿ. ಸ್ಟುಡಿಯೋದವರು ಏನು ತಾನೇ ಮಾಡಿಯಾರು?

ಈಗ ಇನ್ನೊಂದು ಲೆಕ್ಕ ನೋಡಿ. ಅದೇ ಮನೆಯ ಯಾವುದೇ ಸಾಧಾರಣ ಮೊಬೈಲಿನಿಂದ ಆ ತಾಯಿಯವರನ್ನು ಬಾಗಿಲ ಬಳಿ ಕೂರಿಸಿ ಒಂದು ಚಿತ್ರ ತೆಗೆದಿದ್ದರೆ 3000 ಚುಕ್ಕಿ ಅಗಲ, 4000 ಚುಕ್ಕಿ ಉದ್ದದ 12 ಮೆಗಾಪಿಕ್ಸೆಲ್ ಚಿತ್ರ ದೊರೆಯುತ್ತಿತ್ತು. 12 ಅಂಗುಲದ ಅಗಲಕ್ಕೆ ಅದು ಅಂಗುಲವೊಂದಕ್ಕೆ 250 ಚುಕ್ಕಿಯಾಗುತ್ತದೆ. ಅಂದರೆ ಆ ಮನೆಯಲ್ಲಿ ಕೊರತೆಯಾಗಿದ್ದುದು ಕ್ಯಾಮರಾ ಅಲ್ಲ. ಇದನ್ನು ನೋಯಿಸಲೆಂದು ಬರೆಯುತ್ತಿಲ್ಲ. ನಮ್ಮ ಮನೆಯ ಕಥೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಹಿಂದೆ ಹೀಗಿರಲಿಲ್ಲವೆಂಬುದು ವಿಚಿತ್ರ. ಹಾಟ್‌ಶಾಟ್ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಜಾತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ ಮಾತ್ರ. ತೊಳೆಸುವ ಖರ್ಚು ಬೇರೆ. ಆದ್ದರಿಂದ ಮೊದಲ ಚಿತ್ರ ಹಿರಿಯರದ್ದಾಗಿರುತ್ತಿತ್ತು. ಎಣಿಕೆ ಇದ್ದಾಗ ಯಾರದನ್ನು ತೆಗೆಯಬೇಕೆಂಬ ವಿವೇಚನೆಯೂ ಇತ್ತು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ತರುಣ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಎಂಬವರು ಮೊದಲ ಡಿಜಿಟಲ್ ಕ್ಯಾಮರಾವನ್ನು ಜೋಡಿಸಿದಾಗ ಅದರ ತೂಕ ಮೂರೂವರೆ ಕಿಲೋಗೂ ಮಿಕ್ಕಿತ್ತು. ಚಿತ್ರದಲ್ಲಿದ್ದುದು ಹತ್ತೇ ಸಾವಿರ ಚುಕ್ಕಿ, ಅದು ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಆ ಬೀಜ ಮರವಾಗಿ, ಫಿಲ್ಮನ್ನೇ ನಂಬಿದ್ದ ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕುವಂತಾಯಿತು. ಮುಂದೆ ಡಿಜಿಟಲ್ ಕ್ಯಾಮರಾಕ್ಕೂ ಅದೇ ಗತಿ ಬಂತು. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಕ್ಯಾಮರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2021ರ ಹೊತ್ತಿಗೆ ಆ ಸಂಖ್ಯೆ 84 ಲಕ್ಷದಷ್ಟಕ್ಕೆ ಇಳಿದಿತ್ತು. ನುಂಗಿದ್ದು ಮೊಬೈಲು.

ಹಾಗಾದರೆ ಪ್ರತ್ಯೇಕ ಕ್ಯಾಮರಾ ಯಾರಿಗೆ ಬೇಕು? ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಬೇಕಾದ ವಿಷಯವಿದು. ಅದನ್ನು ಬಳಸುವವರು ಯಾರು, ತೆಗೆಯಬೇಕಾದುದು ಏನನ್ನು, ತೆಗೆದ ಚಿತ್ರವನ್ನು ಮೊಬೈಲಿನಲ್ಲೇ ನೋಡುವುದೋ ಗೋಡೆಗೆ ಹಾಕುವುದೋ, ಕಲಿಯುವುದಕ್ಕೆ ವಾರಕ್ಕೆ ಒಂದು ತಾಸಾದರೂ ಕೊಡಬಲ್ಲೆವೋ ಎಂದು. ಮೊದಲ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ದೊಡ್ಡ ಕ್ಯಾಮರಾ ಕೊಂಡು ತಂದು ದೀಪಾವಳಿಯಲ್ಲಿ ನಾಲ್ಕು ದಿನ ಬಳಸಿ ಮನೆಯಲ್ಲಿ ಬಿಟ್ಟುಹೋಗುತ್ತಾನೆ. ಆಮೇಲೆ ಅದು ಅಲಮಾರಿಯಲ್ಲಿ ಬಂಗಾರದ ಪಕ್ಕದಲ್ಲಿ ಕೂರುತ್ತದೆ. ವರ್ಷವಿಡೀ ಮನೆಯಲ್ಲಿರುವವರು ಸೊಸೆಯಂದಿರು, ಹೈಸ್ಕೂಲಿಗೆ ಹೋಗುವ ಮಕ್ಕಳು. ಅವರ ಕೈಗೆ ಹೊಂದದ, ಅವರು ಮುಟ್ಟಲು ಅಂಜುವ ಕ್ಯಾಮರಾ ಎಷ್ಟು ಬೆಲೆಯದಾದರೂ ಆ ಮನೆಗೆ ಉಪಯೋಗವಿಲ್ಲ. ಕೊಳ್ಳುವುದಾದರೆ ಬಳಸುವವರನ್ನೇ ಅಂಗಡಿಗೆ ಕರೆದೊಯ್ದು, ಅವರ ಕೈಗೆ ಕೊಟ್ಟು, ಹಿಡಿತ ಸರಿಹೋಗುವುದೋ, ಗುಂಡಿಗಳು ಬೆರಳಿಗೆ ಸಿಗುವುವೋ ನೋಡತಕ್ಕದ್ದು.

ಜಾಹೀರಾತುಗಳ ಮೆಗಾಪಿಕ್ಸೆಲ್ ಮಾತಿಗೆ ಮರುಳಾಗುವುದು ಬೇಡ. 50 ಅಥವಾ 108 ಎಂದು ಮೊಬೈಲಿನ ಡಬ್ಬಿಯ ಮೇಲೆ ಬರೆದಿದ್ದರೂ ಬಹುಪಾಲು ಅವು ನಾಲ್ಕೋ ಒಂಬತ್ತೋ ಚುಕ್ಕಿಗಳನ್ನು ಒಂದುಗೂಡಿಸಿ ಕೊಡುವುದು 12 ಮೆಗಾಪಿಕ್ಸೆಲ್ಲಿನ ಆಸುಪಾಸಿನ ಚಿತ್ರವನ್ನೇ. ಮುಖ್ಯವಾದುದು ಬೆಳಕನ್ನು ಹಿಡಿಯುವ ಸಂವೇದಕದ ಗಾತ್ರ. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟರೆ ತುಂಬುವ ನೀರೆಷ್ಟು, ಪರಾತ ಇಟ್ಟರೆ ತುಂಬುವ ನೀರೆಷ್ಟು? ಮೊಬೈಲಿನ ಸಂವೇದಕ ಸಾಮಾನ್ಯವಾಗಿ ಹುಣಸೆ ಬೀಜಕ್ಕಿಂತ ಚಿಕ್ಕದು. ಲೆನ್ಸ್ ಬದಲಿಸಬಹುದಾದ ಮಧ್ಯಮ ದರ್ಜೆಯ ಕ್ಯಾಮರಾದಲ್ಲಿ ಅದು ಸುಮಾರು 23ಕ್ಕೆ 15 ಮಿಲಿಮೀಟರು. 'ಫುಲ್ ಫ್ರೇಮ್' ಎಂದು ಕರೆಯುವ ದುಬಾರಿ ಕ್ಯಾಮರಾಗಳಲ್ಲಿ ಹಳೆಯ ರೀಲಿನ ಅಳತೆಯೇ, 36ಕ್ಕೆ 24. ಹಗಲು ಬೆಳಕಿನಲ್ಲಿ ಈ ಮೂರರ ಚಿತ್ರಗಳನ್ನು ಪುಟ್ಟ ಪರದೆಯ ಮೇಲೆ ನೋಡಿದರೆ ವ್ಯತ್ಯಾಸ ಕಾಣುವುದೇ ಕಷ್ಟ. ಬೆಳಕು ಇಳಿದಾಗಲೇ ನಿಜಸ್ಥಿತಿ ಗೊತ್ತಾಗುವುದು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನೇ ತೆಗೆದುಕೊಳ್ಳಿ. ಪುಷ್ಯ ಬಹುಳ ಬಿದಿಗೆಯ ಸಂಜೆ ಮಹಾರಥ ಹೊರಡುತ್ತದೆ. ಲಕ್ಷಾಂತರ ಜನ, ಇಳಿಯುತ್ತಿರುವ ಬೆಳಕು, ಚಲಿಸುವ ತೇರು, ಎಲ್ಲಿಂದಲೋ ತೂರಿ ಬರುವ ಉತ್ತತ್ತಿ. ನೀವು ನಿಂತ ಜಾಗದಿಂದ ತೇರು ಬಹುದೂರ. ಮೊಬೈಲಿನ ಪರದೆಯನ್ನು ಎರಡು ಬೆರಳಿನಿಂದ ಅಗಲಿಸಿದರೆ ತೇರು ಹತ್ತಿರ ಬಂದಂತೆ ತೋರುತ್ತದೆ, ಆದರೆ ಬಹಳಷ್ಟು ಮೊಬೈಲುಗಳಲ್ಲಿ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ, ಆ ತಾಯಿಯ ಭಾವಚಿತ್ರಕ್ಕೆ ಆದದ್ದೇ ಇಲ್ಲಿಯೂ ಆಗುತ್ತದೆ. ನಿಜವಾದ ಜೂಮ್ ಎಂದರೆ ಗಾಜಿನಿಂದ ಆಗುವಂಥದು. ಅದಕ್ಕೆ 200 ಅಥವಾ 250 ಮಿಲಿಮೀಟರಿನವರೆಗೆ ಹೋಗುವ ಲೆನ್ಸ್ ಬೇಕು. ಜಾತ್ರೆ, ಅಡ್ಡಪಲ್ಲಕ್ಕಿ, ವೇದಿಕೆಯ ಪ್ರವಚನ, ಮಕ್ಕಳ ಶಾಲಾ ನಾಟಕ ಇವು ನಿಮಗೆ ಮುಖ್ಯವಾಗಿದ್ದರೆ ಕ್ಯಾಮರಾ ಕೊಳ್ಳುವುದರಲ್ಲಿ ಅರ್ಥವಿದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. 2009ರಲ್ಲಿ ನಾವು ಜೂಮಿನ ಅಂಕೆಯನ್ನು ಮಾತ್ರ ನೋಡಿ ಜೇಬಿಗೆ ಹಿಡಿಯುವ ಕ್ಯಾಮರಾವೊಂದನ್ನು ತಂದೆವು. ತೇರಿನ ಸಂಜೆ ತೆಗೆದ ನೂರೈವತ್ತು ಚಿತ್ರಗಳಲ್ಲಿ ತೇರಿನ ಬದಲು ಬೆಳಕಿನ ಗೀರುಗಳಿದ್ದವು. ಕೈನಡುಕ ತಡೆಯುವ ಏರ್ಪಾಡು ಅದರಲ್ಲಿ ಇತ್ತು. ಅದು ತೆಗೆಯುವವರ ಕೈ ನಡುಗಿದರೆ ಸಂಭಾಳಿಸುತ್ತದೆಯೇ ಹೊರತು ಎದುರಿನ ಜನ ಓಡಾಡಿದರೆ ಏನೂ ಮಾಡಲಾರದೆಂಬುದು ನಮಗೆ ಗೊತ್ತಿರಲಿಲ್ಲ. ಓಡುವುದನ್ನು ನಿಲ್ಲಿಸಿ ತೋರಿಸಬೇಕಾದರೆ ಕ್ಯಾಮರಾದ ಕಣ್ಣು ಸೆಕೆಂಡಿನ 250ನೆಯ ಒಂದು ಭಾಗದಷ್ಟೇ ತೆರೆದು ಮುಚ್ಚಬೇಕು. ಅಷ್ಟು ಅಲ್ಪ ಹೊತ್ತಿನಲ್ಲಿ ಸಾಕಷ್ಟು ಬೆಳಕು ಒಳಬರಬೇಕಾದರೆ ಲೆನ್ಸಿನ ಬಾಯಿ ದೊಡ್ಡದಿರಬೇಕು.

ಲೆನ್ಸಿನ ಬಾಯಿಯ ಅಳತೆಯನ್ನು ಎಫ್ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಹೊಸ ಕ್ಯಾಮರಾದ ಜೊತೆಗೇ ಬರುವ ಜೂಮ್ ಲೆನ್ಸು ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಎಫ್ 5.6 ಅಥವಾ ಅದಕ್ಕೂ ಕಿರಿದಾದ ಬಾಯಿಯದು. 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಎಂಬುದೊಂದಿದೆ, ಬಹುತೇಕ ಎಲ್ಲ ಕಂಪನಿಗಳೂ ತಮ್ಮ ಅಗ್ಗದ ಲೆನ್ಸುಗಳ ಸಾಲಿನಲ್ಲಿ ಅದನ್ನು ಇಟ್ಟಿವೆ. ಅದು ಎಫ್ 5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಜೂಮ್ ಇರುವುದಿಲ್ಲ, ನೀವೇ ಹಿಂದೆ ಮುಂದೆ ನಡೆಯಬೇಕು. ಆದರೆ ಪಡಸಾಲೆಯ ಮಬ್ಬು ಬೆಳಕಿನಲ್ಲಿ ಹಿರಿಯರ ಭಾವಚಿತ್ರಕ್ಕೆ, ತೊಟ್ಟಿಲ ಕಾರ್ಯಕ್ಕೆ ಇದಕ್ಕಿಂತ ಒಪ್ಪುವ ಲೆನ್ಸನ್ನು ನಾವು ಕಂಡಿಲ್ಲ. ಹಣವನ್ನೆಲ್ಲ ಕ್ಯಾಮರಾದ ಒಡಲಿಗೆ ಸುರಿದು ಲೆನ್ಸಿಗೆ ಜಿಪುಣತನ ಮಾಡುವುದು ಎತ್ತಿಗಿಂತ ಬಂಡಿಯ ಬಣ್ಣಕ್ಕೆ ಹೆಚ್ಚು ಕೊಟ್ಟಂತೆ.

ಫ್ಲಾಶಿನ ಬಗ್ಗೆ ಒಂದು ಮಾತು. ಹಿರಿಯರು ಲಿಂಗಪೂಜೆಯಲ್ಲಿ ಕುಳಿತಿರುವಾಗ, ಗುರುಗಳು ದೀಕ್ಷೆ ನೀಡುತ್ತಿರುವಾಗ ಕಣ್ಣಿಗೆ ಮಿಂಚು ಹೊಡೆಯುವುದು ಸಭ್ಯತೆಯಲ್ಲ. ಪೂಜೆಯೆಂಬುದು ಅಂಗ ಲಿಂಗಗಳ ನಡುವಿನ ಏಕಾಂತ, ಅದನ್ನು ತೆಗೆಯಬೇಕೇ ಎಂಬುದನ್ನೇ ಮೊದಲು ಕೇಳಿ ತಿಳಿಯಬೇಕು. ಅಷ್ಟಲ್ಲದೆ ಫ್ಲಾಶು ವಿಭೂತಿಯನ್ನು ಸುಣ್ಣದ ಪಟ್ಟಿಯಂತೆ ಮಾಡಿಬಿಡುತ್ತದೆ. ಇನ್ನೂ ಒಂದು ಸೂಕ್ಷ್ಮ ಉಂಟು. ಕ್ಯಾಮರಾ ಯಾವ ದೃಶ್ಯವನ್ನಾದರೂ ಬೂದು ಬಣ್ಣದ ಸರಾಸರಿಗೆ ತರಲು ನೋಡುತ್ತದೆ. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲಿನ ಹಿರಿಯರು ಚಿತ್ರವನ್ನೆಲ್ಲ ತುಂಬಿದ್ದರೆ "ಬೆಳಕು ಹೆಚ್ಚಾಯಿತು" ಎಂದು ಬಗೆದು ಎಲ್ಲವನ್ನೂ ಕಪ್ಪಾಗಿಸುತ್ತದೆ, ಮುಖ ಮಸಿಯಾಗುತ್ತದೆ. ಆಗ ಕೂಡು ಕಳೆಯುವ ಚಿಹ್ನೆಯಿರುವ ಗುಂಡಿಯಿಂದ ಬೆಳಕನ್ನು ಒಂದು ಹಂತ ಕೂಡಿಸಬೇಕು. ಹಿಂದೆ ಕತ್ತಲ ಕೋಣೆಯಿದ್ದು ಮುಖವೊಂದೇ ಬೆಳಗುತ್ತಿದ್ದರೆ ಇದಕ್ಕೆ ವಿರುದ್ಧ, ಕಳೆಯಬೇಕು, ಇಲ್ಲವಾದರೆ ವಿಭೂತಿಯ ಮೂರು ಗೆರೆಗಳು ಒಂದಾಗಿ ಹೋಗುತ್ತವೆ. ಮೊಬೈಲಿನಲ್ಲಿಯೂ ಮುಖದ ಮೇಲೆ ಬೆರಳಿಟ್ಟು ಬದಿಗೆ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಇದೇ ಕೆಲಸವಾಗುತ್ತದೆ. ಈ ಒಂದು ಗುಂಡಿಯನ್ನು ಬಲ್ಲವರು ಅರ್ಧ ಛಾಯಾಗ್ರಹಣವನ್ನು ಬಲ್ಲವರೆಂದೇ ನಮ್ಮ ಅಭಿಪ್ರಾಯ.

ಶಿಲ್ಪಗಳಲ್ಲಿ ಆಸಕ್ತಿಯುಳ್ಳವರಿಗೆ ನಮ್ಮ ಸೀಮೆಯಷ್ಟು ಸಮೃದ್ಧ ಶಾಲೆ ಬೇರೊಂದಿಲ್ಲ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಶಾಸನ ಅದನ್ನು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ನಡುಹಗಲಿನ ಬಿಸಿಲಿನಲ್ಲಿ ಆ ಕುಸುರಿ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು ಬಿದ್ದಾಗ ಒಂದೊಂದು ಎಲೆ, ಒಂದೊಂದು ಮಣಿ ಎದ್ದು ಬರುತ್ತದೆ. ಕಲ್ಲು ಓಡುವುದಿಲ್ಲವಾದ್ದರಿಂದ ಇದಕ್ಕೆ ದುಬಾರಿ ಕ್ಯಾಮರಾ ಬೇಕಿಲ್ಲ, ಮೂರು ಕಾಲಿನ ಸ್ಟ್ಯಾಂಡು ಮತ್ತು ತಾಳ್ಮೆ ಸಾಕು. ಸ್ಟ್ಯಾಂಡು ಇಡಲು ಅನುಮತಿ ಬೇಕೇ ಎಂದು ಕಾವಲುಗಾರರಲ್ಲಿ ಮೊದಲೇ ವಿಚಾರಿಸಿಕೊಳ್ಳಿ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಹಂಪೆಯ ಗುಡಿಗಳನ್ನು ಚಿತ್ರಿಸಿದನು. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕಿದ್ದ ಕಾಲವದು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದು, ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಉಳಿಯಿತು ಏನು ಬಿತ್ತು ಎಂಬುದನ್ನು ಕಾಣಿಸಿದರು. ನಿಮ್ಮ ಊರಿನ ಹಳೆಯ ಮಠ, ಅಗಸಿ, ಬಾವಿಗಳ ಮುಂದೆ ಶಾಲಾ ಮಕ್ಕಳು ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಒಂದೊಂದು ಚಿತ್ರ ತೆಗೆದಿಟ್ಟರೂ ಸಾಕು.

ಇನ್ನು ಕ್ಯಾಮರಾದ ಜಾತಿಗಳು. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಮತ್ತು ಕನ್ನಡಿಯಿಲ್ಲದ ಮಿರರ್‌ಲೆಸ್ ಎಂದು ಎರಡು. ಕ್ಯಾನನ್, ನಿಕಾನ್ ಕಂಪನಿಗಳು 2018ರಿಂದ ಈಚೆಗೆ ಎರಡನೆಯದರ ಕಡೆಗೇ ವಾಲಿವೆ. ಹಗುರ, ಮುಖವನ್ನು ತಾನೇ ಹುಡುಕಿ ಕಣ್ಣಿನ ಮೇಲೆ ಗುರಿಯಿಡುವ ಜಾಣತನ ಅದಕ್ಕಿದೆ. ಹೊಸತಾಗಿ ಕೊಳ್ಳುವವರಿಗೆ ಇದೇ ಲೇಸು, ಬೆಲೆ ಮಾತ್ರ ಲೆನ್ಸು ಸೇರಿ ಅರ್ಧ ಲಕ್ಷದ ಆಸುಪಾಸಿನಿಂದ ಆರಂಭವಾಗುತ್ತದೆ. ಕಲಿಯಬೇಕೆಂಬ ಹಂಬಲವಿದ್ದು ಹಣ ಕಡಿಮೆಯಿದ್ದವರು ಬಳಸಿದ ಡಿಎಸ್‌ಎಲ್‌ಆರ್ ನೋಡಬಹುದು. ಕೊಳ್ಳುವಾಗ ಅದು ಇಲ್ಲಿಯವರೆಗೆ ಎಷ್ಟು ಸಲ ಕಣ್ಣು ಮಿಟುಕಿಸಿದೆ ಎಂಬ ಎಣಿಕೆಯನ್ನು ಕೇಳಿ. ಆರಂಭಿಕ ದರ್ಜೆಯವು ಸಾಮಾನ್ಯವಾಗಿ ಒಂದು ಲಕ್ಷದ ಸುತ್ತಮುತ್ತಲಿನ ಬಾಳಿಕೆಯವು. ಲೆನ್ಸಿನ ಒಳಗೆ ಬ್ಯಾಟರಿ ಬೆಳಕು ಬಿಟ್ಟು ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಇದ್ದರೆ ಕೈಮುಗಿದು ಎದ್ದುಬನ್ನಿ. ಹೊಸದಾದರೆ ಜಿ.ಎಸ್.ಟಿ. ಬಿಲ್ಲು ಪಡೆಯಿರಿ. 2019ರ ಜನವರಿಯಿಂದ ಡಿಜಿಟಲ್ ಕ್ಯಾಮರಾದ ಮೇಲಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿಯಿತು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇವೆನ್ನುವವರ ಮಾತಿಗೆ ಒಪ್ಪಿದರೆ ಖಾತರಿ ಕೈಬಿಟ್ಟಂತೆಯೇ.

ಮದುವೆ, ಗೃಹಪ್ರವೇಶಗಳ ಛಾಯಾಗ್ರಹಣವನ್ನೇ ಕಾಯಕವಾಗಿಸಿಕೊಳ್ಳಬೇಕೆಂಬ ತರುಣರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ, ಸಂತೋಷ. ಅವರಿಗೆ ಒಂದೇ ಸೂಚನೆ. ಸಾಲ ಮಾಡಿ ಮೊದಲೇ ಫುಲ್ ಫ್ರೇಮ್ ತರಬೇಡಿ. ಒಂದು ವರ್ಷ ಅನುಭವಿಗಳ ಜೊತೆ ಚೀಲ ಹೊರಿ. ಕೊಳ್ಳುವಾಗ ಎರಡು ಮೆಮೊರಿ ಕಾರ್ಡು ಹಿಡಿಯುವ ಕ್ಯಾಮರಾವನ್ನೇ ಕೊಳ್ಳಿ. ಒಂದು ಕಾರ್ಡು ಕೆಟ್ಟರೂ ಇನ್ನೊಂದರಲ್ಲಿ ಅದೇ ಚಿತ್ರವಿರುತ್ತದೆ. ಧಾರೆಯ ಗಳಿಗೆ ಎರಡನೆಯ ಸಲ ಬರುವುದಿಲ್ಲ.

ಕೌಶಲದ ಬಗ್ಗೆ ಅಂಜಿಕೆ ಬೇಡ. ತಿರುಗುವ ಗುಂಡಿಯನ್ನು ಆಟೋದಲ್ಲಿಟ್ಟು ಒಂದು ತಿಂಗಳು ಬಳಸಿ, ಆಮೇಲೆ 'ಎ' ಅಥವಾ 'ಎವಿ' ಎಂಬಲ್ಲಿಗೆ ತಿರುಗಿಸಿ ಲೆನ್ಸಿನ ಬಾಯಿಯನ್ನು ಮಾತ್ರ ನೀವು ನಿರ್ಧರಿಸಿ, ಉಳಿದದ್ದನ್ನು ಅದಕ್ಕೇ ಬಿಡಿ. ಮನೆಯ ಚಿತ್ರಗಳಿಗೆ ಅದರಾಚೆ ಹೋಗಬೇಕಾದ ಅಗತ್ಯ ವಿರಳ.

ನಮ್ಮ ಎರೆನೆಲದ ಧೂಳಿನಲ್ಲಿ ಬಯಲಿನಲ್ಲಿ ನಿಂತು ಲೆನ್ಸು ಬದಲಿಸಬಾರದು. ಧೋತರದ ಚುಂಗಿನಿಂದ ಗಾಜು ಒರೆಸಬಾರದು, ಮೊದಲು ಗಾಳಿಯೂದುವ ರಬ್ಬರಿನ ಉಂಡೆಯಿಂದ ಧೂಳು ಹಾರಿಸಿ ಆಮೇಲೆ ಮೆತ್ತನೆಯ ಬಟ್ಟೆ. ಮಳೆಗಾಲದಲ್ಲಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ, ತಿಂಗಳಿಗೊಮ್ಮೆಯಾದರೂ ಹೊರತೆಗೆದು ಬಳಸಿ.

ಚಿತ್ರಗಳನ್ನು ಕಾಯ್ದಿಡುವುದು ಕ್ಯಾಮರಾಕ್ಕಿಂತ ದೊಡ್ಡ ಪ್ರಶ್ನೆ. ಮೊಬೈಲೊಂದರಲ್ಲೇ ಇದ್ದರೆ ಅದು ಬಾವಿಗೆ ಬಿದ್ದ ದಿನ ಎಲ್ಲವೂ ಬಾವಿಗೆ. ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಮಗನ ಅಥವಾ ಮಗಳ ಮನೆಯಲ್ಲಿ ಒಂದು ಪ್ರತಿ ಇರಲಿ. ನೆಂಟರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲದ ಚುಕ್ಕಿಗಳು ಹಾಗೆಯೇ ಉಳಿಯುತ್ತವೆ. ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಕಾಗದಕ್ಕೆ ಇಳಿಸಿ, ಹಿಂಬದಿಗೆ ಪೆನ್ಸಿಲಿನಿಂದ ಹೆಸರು, ಊರು, ತಿಥಿ ಬರೆಯಿರಿ. ಅಜ್ಜನ ಕಾಲದ ಗುಂಪುಚಿತ್ರದಲ್ಲಿ ಯಾರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ ಈ ವಾರವೇ ಕೇಳಿ ಬರೆದುಕೊಳ್ಳಿ.

ಮೇಲೆ ಹೇಳಿದ ಮನೆಗೆ ನಾವು ಕಳೆದ ಸೋಮವಾರ ಹೋಗಿದ್ದೆವು. ಈಗಲೇ ಕ್ಯಾಮರಾ ಕೊಳ್ಳುವುದು ಬೇಡ, ಮನೆಯಲ್ಲಿ ಇರುವುದರಿಂದಲೇ ನೋಡೋಣ ಎಂದೆವು. ಬೆಳಗಿನ ಎಂಟು ಗಂಟೆ. ಯಜಮಾನರು ಪೂಜೆ ಮುಗಿಸಿ ಬಂದಿದ್ದರು. ತಲಬಾಗಿಲ ಒಳಗೆ, ಬಿಸಿಲು ನೇರ ಬೀಳದ, ಆದರೆ ಬೆಳಕು ಪಕ್ಕದಿಂದ ಹರಿದು ಬರುವ ಜಾಗದಲ್ಲಿ ಕುರ್ಚಿ ಹಾಕಿದೆವು. ಹಿಂದೆ ತೂಗುಬಿಟ್ಟಿದ್ದ ಕ್ಯಾಲೆಂಡರನ್ನು ಸೊಸೆ ತೆಗೆದಿಟ್ಟರು. ಒಂಬತ್ತನೆಯ ತರಗತಿಯ ಮೊಮ್ಮಗಳು ಮೊಬೈಲಿನ ಗಾಜನ್ನು ಶುಚಿಗೊಳಿಸಿ, ಜೂಮ್ ಮಾಡದೆ ಎರಡು ಹೆಜ್ಜೆ ಮುಂದೆ ಬಂದು, ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ತುಸು ಏರಿಸಿದಳು. ಹದಿನೈದು ಚಿತ್ರಗಳಾದವು. ಮೊದಲ ಹತ್ತರಲ್ಲಿ ಯಜಮಾನರು ಪೊಲೀಸು ಠಾಣೆಯಲ್ಲಿ ಕುಳಿತವರಂತೆ ಬಿಗಿದುಕೊಂಡಿದ್ದರು. ಹನ್ನೊಂದನೆಯದರ ಹೊತ್ತಿಗೆ, ಸತ್ತ ಎತ್ತಿನ ಮಾತು ಬಂದು, ಮುಖ ಸಡಿಲಾಯಿತು. ಮೊಮ್ಮಗಳು ಅದನ್ನು ತೋರಿಸಲು ಹತ್ತಿರ ಹೋದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ನಿಮ್ಮಮ್ಮನ ಫೋಟೋದ ಬಾಜೂಕ ಇದನ್ನ ಹಾಕಬ್ಯಾಡ್ರಿ ಈಗ್ಲೇ, ನಾ ಇನ್ನೂ ಅದೀನಿ" ಎಂದರು. ಮನೆಯವರೆಲ್ಲ ನಕ್ಕರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಕೇಳಿದರು: "ಅಕಿ ಮಾರಿ ಹಿಂಗ ಸ್ಪಷ್ಟ ಇದ್ದಿದ್ದು ಒಂದೂ ಇಲ್ಲೇನ ತಂಗೀ?"

ಆ ಹುಡುಗಿ ಈಗ ಬೀಗರ ಮನೆಗಳಿಗೆಲ್ಲ ದೂರವಾಣಿ ಮಾಡಿ, ಮದುವೆಯ ಮೂಲ ಚಿತ್ರಗಳು ಯಾರ ಬಳಿಯಲ್ಲಿ ಉಳಿದಿವೆ ಎಂದು ವಿಚಾರಿಸುತ್ತಿದ್ದಾಳೆ.